ನಮ್ಮ ಭಾವ ರೀಲು ಆರಿಸಿದ್ದು

ಕೊರಳಲ್ಲಿ ಲಿಂಗ, ಹಣೆತುಂಬ ವಿಭೂತಿ, ಕೈಯಲ್ಲಿ ಮೀನಿನ ಗಾಳ! ಇಂಥ ಮನುಷ್ಯನನ್ನು ನೀವೆಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ಗುಬ್ಬಿಗೆ ಬನ್ನಿ, ನಮ್ಮ ಯಜಮಾನರ ಅಣ್ಣನನ್ನು ತೋರಿಸುತ್ತೇನೆ. ಅವರು ಒಂದು ಕಡೆ ನಿಂತಿದ್ದರೆ ತಾನೆ!

ಭಾವನದು ಕೊಬ್ಬರಿ ವ್ಯಾಪಾರ. ನಮ್ಮ ಮನೆತನದಲ್ಲಿ ಮೊಟ್ಟೆ ಒಡೆದವರೂ ಇಲ್ಲ. ಅವರಿಗೆ ಗಾಳದ ಹುಚ್ಚು ಹತ್ತಿದ್ದು ತಮ್ಮನಿಂದ, ಅಂದರೆ ನಮ್ಮ ಯಜಮಾನರಿಂದ. ಇವರಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿತು. ಜೀವ ಉಳಿಯಿತು, ಮಾತು ಉಳಿಯಿತು, ಶಿವ ದೊಡ್ಡವನು. ಆದರೆ ಉಳಿದ ಮಾತನ್ನು ಇವರು ಬಳಸಲೇ ಇಲ್ಲ. ಬಟವಾಡಿಯ ನಮ್ಮ ಮನೆಯಲ್ಲಿ ಗೋಡೆ ನೋಡುತ್ತಾ ಕೂತರೆ ಊಟಕ್ಕೂ ಏಳರು. "ಹೇಗಾದ್ರೂ ಮಾಡಿ ಮನೆಯಿಂದ ಹೊರಗೆ ಕರ್ಕೊಂಡು ಹೋಗಿ" ಎಂದರು ಡಾಕ್ಟರು.

ಅಷ್ಟೇ ಸಾಕಾಯಿತು ಭಾವನಿಗೆ. ಯಾರೋ ಫಾರಿನ್ನಿನವನು ಹೊಳೆಯಲ್ಲಿ ನಿಂತು, ಗರಿ ಸುತ್ತಿದ ನೊಣದಂಥ ಗಾಳ ಬೀಸುವುದನ್ನು ಮೊಬೈಲಿನಲ್ಲಿ ನೋಡಿ ಓಡಿಬಂದರು.

"ಫ್ಲೈ ಫಿಶಿಂಗ್ ಕಣಮ್ಮ! ನಾನ್ ಬೀಸ್ತೀನಿ, ಅವ್ನು ಎಡಗೈಲಿ ರೀಲ್ ಸುತ್ಲಿ."

"ಶಿವ ಶಿವ! ಮೀನು ಹಿಡಿದು ಏನು ಮಾಡ್ತೀರ ಭಾವ?"

"ಮಾತಾಡ್ಸಿ ವಾಪಸ್ ಬುಡ್ತೀವಿ!"

ರೀಲೆಂದರೆ ಕೋಲಿನ ಬುಡಕ್ಕೆ ಕೂರಿಸುವ ದಾರದ ಚಕ್ರ. ಬೆಂಗಳೂರಿನ ಅಂಗಡಿಗೆ ಹೋದ ಭಾವ ಒಂದೊಂದೇ ರೀಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. ಒಂದು ಗಡಗಡ ಅಂದಿತು. "ಇದೇ ಕೊಡಪ್ಪ, ಚೆನ್ನಾಗ್ ಬಲ್ತದೆ!" ಏನು ಹೇಳೋಣ? ಒಣಗಿದ ಕಾಯಿಯೊಳಗೆ ಕೊಬ್ಬರಿ ಗಡಗಡ ಅಂದರೆ ಹದಕ್ಕೆ ಬಂದಿದೆ ಎಂದರ್ಥ. ರೀಲು ಗಡಗಡ ಅಂದರೆ ಸ್ಕ್ರೂ ಬಿಚ್ಚಿದೆ ಎಂದರ್ಥ! ನಮ್ಮ ನಡುಮನೆಯಲ್ಲಿ ಅದು ಬಿಡಿಬಿಡಿಯಾಗಿ ಬಿದ್ದು ಚಕ್ರ ಮಂಚದಡಿ ಉರುಳಿತು. ಇವರು ತಲೆ ತಿರುಗಿಸಿ ನೋಡಿದರು. ಮತ್ತೆ ಗೋಡೆ.

ಇನ್ನೊಂದು ತಂದರು. ಹಿಡಿಕೆ ಬಲಕ್ಕಿತ್ತು. ಮತ್ತೊಂದು ತಂದರು. ಭಾರದಲ್ಲಿ ರುಬ್ಬುಗುಂಡಿನ ತಮ್ಮ! ಆಮೇಲೆ ಭಾವ ತಮ್ಮ ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಎಡಗೈಯೊಂದರಲ್ಲೇ ರೀಲುಗಳನ್ನು ಸುತ್ತಿ ನೋಡತೊಡಗಿದರು. ಅದೇ ವೇಷದಲ್ಲಿ ಊರೆಲ್ಲ ತಿರುಗಾಟ.

"ಏನ್ ಸಾವ್ಕಾರ್ರೆ, ಕೈಗೇನಾಯ್ತು?" ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೇಳಿದ್ದಾರೆ.

"ಏನೂ ಆಗಿಲ್ಲ ಕಣಯ್ಯ, ಟೆಸ್ಟಿಂಗು!"

ದೇವಸ್ಥಾನದಲ್ಲಿ ಎಡಗೈ ಚಾಚಿ ಪ್ರಸಾದ ಕೇಳಿದಾಗ ಮಾತ್ರ ನಾನು ಅವರ ಪರವಾಗಿ ಕೆನ್ನೆ ಬಡಿದುಕೊಂಡೆ.

ಕೊನೆಗೂ ಸಿಕ್ಕಿತು. ಅಗಲದ ಚಕ್ರ, ಒಂದು ಸುತ್ತಿಗೆ ಬೇಕಾದಷ್ಟು ದಾರ ನುಂಗುತ್ತದೆ. ಹೂವಿನಷ್ಟು ಹಗುರ, ಮೆತ್ತನೆಯ ಬ್ರೇಕು, ಎಡಕ್ಕೆ ಹಿಡಿಕೆ. ಹೊಸ ಸಾಮಾನಿಗೆ ಪೂಜೆಯಾಗದಿದ್ದರೆ ಹೇಗೆ? ಭಾವ ಧಾರಾಳವಾಗಿ ವಿಭೂತಿ ಬಳಿದರು. ಅದು ಬ್ರೇಕಿನೊಳಗೆ ಹೋಗಿ ಚಕ್ರ ಕಚ್ಚಿಕೊಂಡಿತು! ಹಳೆಯ ಬ್ರಶ್ಶು ಹಿಡಿದು ಕೆರೆದವಳು ನಾನು. "ಶಿವನೇ, ಕೆರೆಯುತ್ತಿರುವುದು ರೀಲನ್ನು, ನಿನ್ನನ್ನಲ್ಲ!"

ಒಂದು ಬೆಳಿಗ್ಗೆ, ಒಲ್ಲೆನೆಂದ ಇವರನ್ನು ಭಾವ ಹೆಚ್ಚುಕಡಿಮೆ ಹೊತ್ತುಕೊಂಡೇ ಕಾರಿಗೆ ತುಂಬಿದರು. ಕುಣಿಗಲ್ ಕೆರೆ ಏರಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಮೊದಲು ಬೀಸಿದ ಗಾಳ ಭಾವನ ಪಂಚೆಗೇ ಸಿಕ್ಕಿತು. ಆಮೇಲೆ ನನ್ನ ಸೆರಗಿಗೆ.

"ಏನ್ ಸ್ವಾಮಿ, ಬಟ್ಟೆ ಹಿಡಿಯಕ್ ಬಂದಿದೀರಾ?" ಎಮ್ಮೆ ತೊಳೆಯುತ್ತಿದ್ದವನು ನಕ್ಕ.

ಅಂತೂ ಗಾಳ ನೀರಿಗೆ ಬಿತ್ತು. ಭಾವ ಕೋಲನ್ನು ಇವರ ಕಂಕುಳಿಗೆ ಸಿಕ್ಕಿಸಿ, ಎಡಗೈಯನ್ನು ಹಿಡಿಕೆಯ ಮೇಲಿಟ್ಟರು. ಇವರು ಕೆರೆಯನ್ನೂ ಗೋಡೆಯ ಹಾಗೆಯೇ ನೋಡುತ್ತಿದ್ದರು. ಇದೂ ಆಗಲಿಲ್ಲವೆಂದರೆ ಮುಂದೇನು?

ಕರ್ರ್! ದಾರ ಓಡಿತು, ಕೋಲು ಬಾಗಿತು. ಗಾಬರಿಯಲ್ಲಿ ಭಾವ ಕೈ ಹಾಕಲು ಹೋದರು.

"ಬುಡೋ ಅಣ್ಣ! ನಾನ್ ಸುತ್ತೀನಿ!"

ಎಮ್ಮೆಯೂ ತಿರುಗಿ ನೋಡುವಂಥ ಗದರಿಕೆ! ಇವರದೇ! ಒಂದು ಸುತ್ತು, ಉಸಿರು, ಮತ್ತೊಂದು ಸುತ್ತು. ಅಂಗೈ ಉದ್ದದ ಮೀನು ಮೇಲೆ ಬಂತು. ಭಾವ ಗಾಳ ಬಿಡಿಸಿ ನೀರಿಗೆ ಬಿಟ್ಟರು. ಅದು ಹೋದ ದಿಕ್ಕನ್ನೇ ಇವರು ಬಹಳ ಹೊತ್ತು ನೋಡಿದರು.

"ನಾಳೆ ಎಷ್ಟೊತ್ತಿಗೆ ಬರ್ತೀಯಣ್ಣ?"

ಭಾವ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಆ ಕಡೆ ತಿರುಗಿಬಿಟ್ಟಿದ್ದರು.

"ಬೆಳಿಗ್ಗೇನೇ ಬರ್ತಾರೆ ಕಣ್ರೀ" ಎಂದೆ ನಾನು.