ಹಡಗಿನ ಮಾಲೀಸಿಗೆ ಮೂರು ದರಪತ್ರ

ದಾವಣಗೆರೆ-ಹರಿಹರ ಅವಳಿ ನಗರಗಳ ಮಂಡಕ್ಕಿ ವರ್ತಕರ ಸಹಕಾರ ಸಂಘದ ಉಪನಿಯಮಗಳ ಪ್ರಕಾರ, ನಿರ್ದೇಶಕರು ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸ ಕೈಗೊಳ್ಳತಕ್ಕದ್ದು. ಸದರಿ ಪ್ರವಾಸವು ಮಂಡಕ್ಕಿಗೆ ಸಂಬಂಧಿಸಿರತಕ್ಕದ್ದು. ಈ ನಿಯಮವನ್ನು ಸಂಘ ಒಮ್ಮೆಯೂ ಮುರಿದಿಲ್ಲ. ಚಳಿಯಲ್ಲಿ ಮಂಡಕ್ಕಿ ಏನಾಗುತ್ತದೆ ಎಂದು ತಿಳಿಯಲು ನಿರ್ದೇಶಕರು ಊಟಿಗೆ ಹೋಗಿದ್ದರು. ಏನೂ ಆಗುವುದಿಲ್ಲ ಎಂದು ವರದಿ ಬಂತು. ಜನಸಂದಣಿಯಲ್ಲಿ ಏನಾಗುತ್ತದೆ ಎಂದು ತಿಳಿಯಲು ಮೈಸೂರು ದಸರೆಗೆ ಹೋಗಿದ್ದರು. ಪುಡಿಯಾಗುತ್ತದೆ ಎಂದು ವರದಿ ಬಂತು. ಹೀಗಾಗಿ ಈ ವರ್ಷ ಸಮುದ್ರದ ಗಾಳಿಗೆ ಮಂಡಕ್ಕಿ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಅರಿಯಲು, ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಐಷಾರಾಮಿ ಹಡಗನ್ನು ಹತ್ತುವುದೆಂದು ತೀರ್ಮಾನವಾಯಿತು.

ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಮನೆಯಲ್ಲೇ ಮೆತ್ತಗಾಗುತ್ತದಲ್ಲ ಎಂದು ಕಸ್ತೂರಮ್ಮ ಸಭೆಯಲ್ಲಿ ಕೇಳಿದ್ದು ನಿಜ. ಅದು ಅನುಭವ, ಅಧ್ಯಯನವಲ್ಲ ಎಂದು ಉತ್ತರ ಬಂತು.

ಕಸ್ತೂರಮ್ಮ ಸಂಘದ ಏಕೈಕ ಮಹಿಳಾ ನಿರ್ದೇಶಕಿ. ಗಂಡ ತೀರಿಕೊಂಡ ಮೇಲೆ ಮಂಡಕ್ಕಿ ಭಟ್ಟಿಯನ್ನೂ ಸಗಟು ಅಂಗಡಿಯನ್ನೂ ತಾವೇ ನಡೆಸಿ ದಡ ಮುಟ್ಟಿಸಿದ ಹೆಂಗಸು. ಇಷ್ಟು ವರ್ಷ ಚೀಲ ಎತ್ತಿಸಿ, ಎತ್ತಿ, ಮತ್ತೆ ಎತ್ತಿಸಿ ಅವರ ಬಲಭುಜ ಹಟ ಹಿಡಿದು ಕೂತಿತ್ತು. ಕೈ ಎದೆಯವರೆಗೆ ಏಳುತ್ತಿತ್ತು, ಅಲ್ಲಿಂದ ಮೇಲಕ್ಕೆ ಇಲ್ಲ. ಅವರ ತುರುಬನ್ನು ದಿನಾ ಬೆಳಗ್ಗೆ ಸೊಸೆ ನಯನಾ ಕಟ್ಟುತ್ತಿದ್ದಳು. ಒಳ್ಳೆಯ ಹುಡುಗಿ, ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ತನ್ನ ತಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಗುವಿನ ಹಾಗೆ ಕೂರುವುದಿದೆಯಲ್ಲ, ಅದು ಕಸ್ತೂರಮ್ಮನಿಗೆ ಭುಜಕ್ಕಿಂತ ಹೆಚ್ಚು ನೋಯುತ್ತಿತ್ತು. ಒಮ್ಮೆ, ಒಂದೇ ಒಮ್ಮೆ, ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಬೇಕು. ಅವರಿಗೆ ಬೇರೆ ಆಸೆ ಉಳಿದಿರಲಿಲ್ಲ.

"ಅತ್ತೀ, ಹಡಗಿನಾಗ ಸ್ಪಾ ಅಂತ ಇರ್ತೈತೆ. ಭುಜಕ್ಕೆ ಚೆನ್ನಾಗಿ ಎಣ್ಣೆ ಹಚ್ಚಿ ತಿಕ್ತಾರೆ. ನಾಚ್ಕಿ ಪಡಬ್ಯಾಡ್ರಿ, ಮಾಡಿಸ್ಕಂಡು ಬರ್ರಿ" ಎಂದಿದ್ದಳು ನಯನಾ.

ಆ ಭುಜದ ಮೇಲೆ ಸಂಘದ ಅಧ್ಯಕ್ಷ ಬಕ್ಕೇಶಪ್ಪನವರಿಗೂ ಅಷ್ಟೇ ಕಾಳಜಿಯಿತ್ತು. ಅವರಿಗೆ ಆಜೀವ ಅಧ್ಯಕ್ಷರಾಗುವ ಇರಾದೆ. ಅದಕ್ಕೆ ಎಲ್ಲ ನಿರ್ದೇಶಕರೂ ಕೈ ಎತ್ತಿ ಒಪ್ಪಬೇಕೆಂದು ನಿಯಮ. ಪ್ರತಿ ಸಭೆಯಲ್ಲೂ ಎಲ್ಲರ ಕೈ ಏಳುತ್ತಿತ್ತು, ಕಸ್ತೂರಮ್ಮನದು ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅದನ್ನು ಕಾರ್ಯದರ್ಶಿ ಮಾಲತೇಶಪ್ಪ ‘ತಟಸ್ಥ’ ಎಂದು ಬರೆದುಕೊಳ್ಳುತ್ತಿದ್ದರು. ಎಡಗೈ ಎತ್ತಿದರೆ ನಡೆಯುವುದಿಲ್ಲವೇ ಎಂಬ ಪ್ರಶ್ನೆ ಬಂದಾಗ ಬಕ್ಕೇಶಪ್ಪನವರೇ ಬೇಸರ ಮಾಡಿಕೊಂಡಿದ್ದರು.

"ಎಡಗೈಲಿ ಪ್ರಸಾದ ಇಸ್ಕಂತೀವೇನ್ರಿ? ಅಧ್ಯಕ್ಷನ್ನ ಎಡಗೈಲಿ ಮಾಡಾಕ ಆಗತೈತಾ?"

ನಿಜ ಹೇಳಬೇಕೆಂದರೆ, ಬಕ್ಕೇಶಪ್ಪ ಇದ್ದಷ್ಟು ದಿನವೇ ಹೆಚ್ಚಾಯಿತು ಎಂಬುದು ಕಸ್ತೂರಮ್ಮನ ಖಚಿತ ಅಭಿಪ್ರಾಯ. ಆದರೆ ಒಂದೇ ಓಣಿಯವರು, ಮದುವೆ ಮುಂಜಿಗಳಲ್ಲಿ ಎದುರುಬದುರಾಗುವವರು, ಮುಖಕ್ಕೆ ಹೊಡೆದಂತೆ ಹೇಗೆ ಹೇಳುವುದು? ಬಾಯಿ ಮಾಡಬೇಕಾದ ಕೆಲಸವನ್ನು ಭುಜ ಮಾಡುತ್ತಿತ್ತು. ಭುಜ ಗುಣವಾದರೆ ತುರುಬು ಕಟ್ಟಿಕೊಳ್ಳಬಹುದು, ಆಗ ಕೈ ಎತ್ತಬೇಕಾಗುತ್ತದೆ. ಎತ್ತದಿದ್ದರೆ ಜಗಳ. ಈ ಸಂಕಟವನ್ನು ಯಾರಿಗೂ ಹೇಳದೆ ಅವರು ಹಡಗು ಹತ್ತಿದರು.

ಅಧ್ಯಯನಕ್ಕೆಂದು ಒಯ್ದಿದ್ದ ಮಂಡಕ್ಕಿ ಚೀಲ ಮೊದಲ ಸಂಜೆಯೇ, ಮೆಣಸಿನಕಾಯಿಯ ಜೊತೆಯೂ ಇಲ್ಲದೆ, ಮುಗಿದುಹೋಯಿತು. ಅಧ್ಯಯನ ನಿರೀಕ್ಷೆಗಿಂತ ಬೇಗ ಪೂರ್ಣಗೊಂಡಿದ್ದಕ್ಕೆ ನಿರ್ದೇಶಕರು ಪರಸ್ಪರ ಅಭಿನಂದಿಸಿಕೊಂಡು, ಮರುದಿನ ಸ್ಪಾಕ್ಕೆ ಸಾಲಾಗಿ ನಡೆದರು.

ಸ್ಪಾದಲ್ಲಿ ಮಂದ ಬೆಳಕಿತ್ತು. ನಿಂಬೆಹುಲ್ಲಿನ ಘಮ. ಎಲ್ಲೋ ನೀರು ಹರಿಯುವ ಸಂಗೀತ. ಮಾಲತೇಶಪ್ಪ ಬಗ್ಗಿ ಮೇಜಿನ ಕೆಳಗೆಲ್ಲ ನೋಡಿ, ನಲ್ಲಿ ಬಂದ್ ಮಾಡಿಲ್ಲ ಎಂದು ಅಲ್ಲಿದ್ದ ಹುಡುಗಿಯ ಗಮನಕ್ಕೆ ತಂದರು. ಹುಡುಗಿಯ ಹೆಸರು ಶಾಹಿಸ್ತಾ. ಹುಬ್ಬಳ್ಳಿ ಕಡೆಯವಳು, ಕನ್ನಡ ಕೇಳಿ ಅವಳಿಗೂ ಖುಷಿಯಾಗಿತ್ತು.

"ಮೊದಲ್ನೇ ಸಲ ಏನ್ರಿ? ಹೆದರಬ್ಯಾಡ್ರಿ. ಏನೇನು ಐತೆ ಅಂತ ಒಂದೊಂದೇ ಹೇಳ್ತೀನಿ, ನಿಮಗ ಯಾವ್ದು ಬೇಕೋ ಆರಿಸ್ಕೊಳ್ರಿ. ಇದು ನೋಡ್ರಿ, ಕಾಸಿದ ಕಲ್ಲನ್ನ ಬೆನ್ನ ಮ್ಯಾಲೆ ಇಡೋದು."

"ನಮ್ಮ ಆನಗೋಡು ಶಾಲ್ಯಾಗ ಮಗ್ಗಿ ಬರ್ಲಿಲ್ಲ ಅಂದ್ರೆ ಬಗ್ಗಿಸಿ ಬೆನ್ನ ಮ್ಯಾಲೆ ಕಲ್ಲು ಇಡೋರು" ಎಂದರು ಮಾಲತೇಶಪ್ಪ. "ಕಾಸ್ತಿರ್ಲಿಲ್ಲ ಅಷ್ಟೆ."

"ಇದು ಸಮುದ್ರದ ಪಾಚಿ. ಮೈಗೆಲ್ಲ ಹಚ್ಚಿ ಬಟ್ಟೆ ಸುತ್ತಿ ಮಲಗಿಸ್ತೀವಿ."

"ಕೊಂಡಜ್ಜಿ ಕೆರ್ಯಾಗ ಬೇಕಾದಷ್ಟು ಐತೆ. ಎಮ್ಮಿನೂ ಮೂಸಲ್ಲ."

"ಇದು ಗಂಡ ಹೆಂಡ್ತಿ ಇಬ್ರೂ ಒಟ್ಟಿಗೆ..."

ಬಕ್ಕೇಶಪ್ಪ ಜೋರಾಗಿ ಕೆಮ್ಮಿದರು. ಸದರಿ ಬಾಬನ್ನು ಸಂಘದ ಘನತೆಯ ದೃಷ್ಟಿಯಿಂದ ಓದದೆ ಬಿಡಲಾಯಿತು.

ಶಾಹಿಸ್ತಾ ಕಸ್ತೂರಮ್ಮನ ಕಡೆ ತಿರುಗಿದಳು. ಅವರು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತ ಭಂಗಿಯನ್ನು ಅವಳು ಆಗಲೇ ನೋಡಿದ್ದಳು. "ಅಮ್ಮಾರಿಗೆ ಕಲ್ಲು, ಪಾಚಿ ಏನೂ ಬ್ಯಾಡ. ಬೆಚ್ಚಗಿನ ಎಣ್ಣಿ ಹಚ್ಚಿ ಕುತ್ತಿಗಿ, ಭುಜ ಮೆತ್ತಗ ತಿಕ್ಕಿದ್ರ ಸಾಕು" ಎನ್ನುತ್ತ ಹೆಬ್ಬೆರಳನ್ನು ಭುಜದ ಹಿಂದೆ ಒಂದು ಕಡೆ ಊರಿದಳು. "ಇಲ್ಲೇ ಅಲ್ಲೇನ್ರೀ?"

ಕಸ್ತೂರಮ್ಮನ ಕಣ್ಣಲ್ಲಿ ಫಳಕ್ಕನೆ ನೀರು ಬಂತು. ಎಷ್ಟು ವರ್ಷವಾಗಿತ್ತು, ನೋವು ಎಲ್ಲಿ ಎಂದು ಒಬ್ಬರು ಮುಟ್ಟಿ ಕೇಳಿ! ಕೊನೆಯ ಬಾಣಂತನದಲ್ಲಿ ಎರೆದ ಕೈಯೇ ಕೊನೆ. "ಹೌದವ್ವ, ಅಲ್ಲೇ. ಅಲ್ಲೇ" ಎಂದರು.

"ಕೈ ತೆಗೀರಿ!" ಮಾಲತೇಶಪ್ಪ ಮುಂದೆ ಬಂದರು. "ಇನ್ನೂ ಮಂಜೂರಾಗಿಲ್ಲ."

ವಿಷಯ ಸರಳವಾಗಿತ್ತು. ಸಂಘದ ಹಣದಲ್ಲಿ ಯಾವುದೇ ಕೆಲಸ ಮಾಡಿಸಬೇಕಾದರೂ ಮೂರು ದರಪತ್ರ ಪಡೆದು, ಕನಿಷ್ಠ ದರದವರಿಗೆ ವಹಿಸತಕ್ಕದ್ದು. ಸುಣ್ಣ ಬಳಿಸಿದ್ದೂ ಹಾಗೇ, ತಕ್ಕಡಿ ರಿಪೇರಿಯೂ ಹಾಗೇ. ಹಡಗಿನಲ್ಲಿ ಇದ್ದದ್ದು ಒಂದೇ ಸ್ಪಾ. ನಾನೇ ಕೈಯಿಂದ ದುಡ್ಡು ಹಾಕುತ್ತೇನೆ ಎಂದರು ಕಸ್ತೂರಮ್ಮ. ಹಡಗಿನಲ್ಲಿ ನಗದು ನಡೆಯುತ್ತಿರಲಿಲ್ಲ. ಎಲ್ಲವನ್ನೂ ಕೋಣೆಯ ಕಾರ್ಡಿಗೆ ಬರೆಯುತ್ತಿದ್ದರು. ಎಲ್ಲರ ಕಾರ್ಡುಗಳೂ, ಕಳೆದುಹೋಗಬಾರದೆಂಬ ಕಾಳಜಿಯಿಂದ, ಬಕ್ಕೇಶಪ್ಪನವರ ಜುಬ್ಬದ ಜೇಬಿನಲ್ಲಿದ್ದವು.

"ಸಂಘ ಇರೋವಾಗ ನೀವ್ಯಾಕ ಹಾಕ್ಬೇಕ್ರಿ ಕಸ್ತೂರಮ್ಮಾರೆ? ಜನ ಏನಂದಾರು?" ಎಂದು ಅವರು ಜೇಬು ತಟ್ಟಿಕೊಂಡರು. "ನಿಮ್ಮ ಕೈ ಏಳ್ಬೇಕು ಅಂತ ನಿಮಗಿಂತ ನಂಗೆ ಜಾಸ್ತಿ ಐತೆ. ಆದ್ರೆ ಕಾಯ್ದೆ ಪ್ರಕಾರ ಏಳ್ಬೇಕು."

ದರಪತ್ರ ಬರುವವರೆಗೆ ಸುಮ್ಮನೆ ಕೂರುವುದು ಕರ್ತವ್ಯಲೋಪವಾಗುತ್ತದೆ. ಆದಕಾರಣ ಚಿಕಿತ್ಸೆಗಳ ಗುಣಮಟ್ಟದ ಪರಿಶೀಲನೆ ಕೈಗೊಳ್ಳಲಾಯಿತು. ಪರಿಶೀಲನೆಗೆ ದರಪತ್ರ ಬೇಕಿಲ್ಲ. ಅದು ಚಿಕಿತ್ಸೆಯಲ್ಲ, ಜವಾಬ್ದಾರಿ. ಬಕ್ಕೇಶಪ್ಪನವರು ಕಾಸಿದ ಕಲ್ಲನ್ನು ತಾವೇ ಬೆನ್ನ ಮೇಲೆ ಇಡಿಸಿಕೊಂಡು ಪರಿಶೀಲಿಸಿದರು. ಷರಾ: ಸಾಧಾರಣ, ಮತ್ತೊಮ್ಮೆ ನೋಡಬೇಕು. ಮತ್ತೊಮ್ಮೆ ನೋಡಿದರು. ಪಾಚಿಯನ್ನೂ ನೋಡಿದರು. ಮಾಲತೇಶಪ್ಪ ಪಾದದ ಮಾಲೀಸು ಪರಿಶೀಲಿಸುತ್ತ ಗೊರಕೆ ಹೊಡೆದರು. ಉಳಿದ ನಿರ್ದೇಶಕರು ಮುಖಕ್ಕೆ ಏನೇನೋ ಬಳಿಸಿಕೊಂಡು, ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಡಿಸಿಕೊಂಡು, ಬಿಳಿ ನಿಲುವಂಗಿಗಳಲ್ಲಿ ಡೆಕ್ಕಿನ ಮೇಲೆ ಓಡಾಡಿದರು. ಬಕ್ಕೇಶಪ್ಪನವರ ಕೆನ್ನೆಗೆ ಮದುಮಗನ ಕಳೆ ಬಂದಿತ್ತು.

"ನಾನೂ ಪರಿಶೀಲನೆ ಮಾಡ್ತೀನಲ್ಲ?" ಎಂದು ಕಸ್ತೂರಮ್ಮ ಕೇಳಿದರು.

"ನೀವು ಫಲಾನುಭವಿ" ಎಂದರು ಮಾಲತೇಶಪ್ಪ ವಿಷಾದದಿಂದ. "ನೋವು ಇರೋರೇ ಪರಿಶೀಲನೆ ಮಾಡಿದ್ರೆ ಪಾರದರ್ಶಕತೆ ಎಲ್ಲಿ ಉಳೀತೈತ್ರಿ?"

ಎರಡನೆಯ ದರಪತ್ರಕ್ಕಾಗಿ ಹಡಗಿನ ಕ್ಷೌರಿಕನನ್ನು ವಿಚಾರಿಸಲಾಯಿತು. ತಾನು ಕೂದಲು ಮಾತ್ರ ಕತ್ತರಿಸುವುದಾಗಿ ಅವನು ಹೇಳಿದ. ಅದನ್ನು ಷರತ್ತುಬದ್ಧ ದರಪತ್ರವೆಂದು ಸ್ವೀಕರಿಸಿದರು. ಮೂರನೆಯದಕ್ಕೆ ಸುತ್ತ ನೋಡಿದರೆ ಬರೀ ನೀರು. ಆಗ ಮಾಲತೇಶಪ್ಪನಿಗೆ ಹರಿಹರದ ತಮ್ಮ ಓಣಿಯ ಕಾಳವ್ವ ನೆನಪಾದಳು. ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ಎರೆಯುವ ಹೆಂಗಸು, ಬಾಯಿ ಜೋರು. ಫೋನು ಹಚ್ಚಿದರು.

"ಎಲ್ಲಿಂದ ಮಾತಾಡ್ತಿದೀರಿ? ಗಾಳಿ ಬುರ್ ಅಂತೈತೆ" ಎಂದಳು ಕಾಳವ್ವ.

"ಸಮುದ್ರದಾಗಿಂದ. ಒಬ್ರಿಗೆ ಎಣ್ಣೆ ತಿಕ್ಕಬೇಕು."

"ಸಮುದ್ರದಾಗ ಯಾರ್ ಹಡೆದ್ರು?"

ವಿಷಯ ತಿಳಿಸಿ ದರ ಕೇಳಿದ್ದಾಯಿತು. ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಕಣ, ಎಣ್ಣೆ ನಿಮ್ಮದೇ ಎಂದಳು. ಮೂರೂ ದರಪತ್ರಗಳನ್ನು ಡೆಕ್ಕಿನ ಮೇಲೆ, ಶಾಹಿಸ್ತಾಳ ಸಮ್ಮುಖದಲ್ಲಿ ತೆರೆದು ನೋಡಲಾಯಿತು. ಕಾಳವ್ವನದೇ ಕನಿಷ್ಠ. ಹಡಗಿನಲ್ಲಿ ಕಸ್ತೂರಮ್ಮನ ಭುಜವನ್ನು ತಿಕ್ಕುವ ಕೆಲಸವನ್ನು ಹರಿಹರದ ಕಾಳವ್ವನಿಗೆ ವಹಿಸಿ ಆದೇಶ ಹೊರಟಿತು.

"ಆದ್ರ ಅವ್ರು ಇಲ್ಲಿ ಇಲ್ಲಲ್ರೀ" ಎಂದಳು ಶಾಹಿಸ್ತಾ.

"ಅದು ಅನುಷ್ಠಾನದ ಹಂತದಾಗ ನೋಡೋ ವಿಷಯ" ಎಂದರು ಮಾಲತೇಶಪ್ಪ.

ಹೀಗೆ ಕಸ್ತೂರಮ್ಮ ಭುಜ ಹಿಡಿದುಕೊಂಡು ಹೋಗಿ ಭುಜ ಹಿಡಿದುಕೊಂಡೇ ವಾಪಸಾದರು. ಹಡಗು ಇಳಿಯುವಾಗ ಶಾಹಿಸ್ತಾ ಯಾರೂ ನೋಡದಂತೆ ಅವರ ಭುಜವನ್ನು ಒಂದು ಸಲ ಮೆತ್ತಗೆ ಒತ್ತಿ ಕಳಿಸಿದಳು. ಆ ಒತ್ತುವಿಕೆಗೆ ಯಾವ ಮಂಜೂರಾತಿಯೂ ಇರಲಿಲ್ಲವಾದ್ದರಿಂದ ಅದು ವರದಿಯಲ್ಲಿ ಸೇರಿಲ್ಲ.

ಊರಿಗೆ ಬಂದ ಮೇಲೆ ತೊಡಕು ಕಾಣಿಸಿತು. ಕಾಳವ್ವನ ಬಚ್ಚಲುಮನೆ ಹರಿಹರದಲ್ಲಿತ್ತು. ಆದೇಶದಲ್ಲಿ ‘ಹಡಗಿನಲ್ಲಿ’ ಎಂದಿತ್ತು. ಲೆಕ್ಕ ತಪಾಸಣೆಯವರು ಆಕ್ಷೇಪ ಎತ್ತಿದರೆ ಇಡೀ ಪ್ರವಾಸಕ್ಕೇ ಕುತ್ತು. ತುರ್ತು ಸಭೆ ಸೇರಿತು. ಕಾಳವ್ವನ ಬಚ್ಚಲುಮನೆಯನ್ನು, ಕಾಮಗಾರಿ ಪೂರ್ಣಗೊಳ್ಳುವವರೆಗೆ, ಹಡಗು ಎಂದು ಪರಿಗಣಿಸತಕ್ಕದ್ದು ಎಂದು ತೀರ್ಮಾನವಾಯಿತು.

"ಹಡಗು ಅಂದ್ರೆ ನೀರಿನ ಮ್ಯಾಲೆ ಇರ್ಬೇಕಲ್ರಿ?" ಎಂದು ಯಾರೋ ಕೇಳಿದರು.

ಸಭೆಗೆ ಕರೆಸಿದ್ದ ಕಾಳವ್ವನೇ ಉತ್ತರ ಕೊಟ್ಟಳು. "ನನ್ ಬಚ್ಚಲ ನೀರು ಸೀದಾ ಹೊಳಿಗೆ ಹೋಗತೈತೆ, ಹೊಳಿ ಸಮುದ್ರಕ್ಕೆ ಹೋಗತೈತೆ. ಇನ್ನೇನು ಬೇಕು? ಆದ್ರೆ ಹಡಗು ಅಂದ ಮ್ಯಾಲೆ ಬಂದರಿನ ಸುಂಕ ಅಂತ ಇನ್ನೊಂದು ಕಾಯಿ ಕೊಡ್ಬೇಕಾಗತೈತೆ ನೋಡ್ರಿ."

ನ್ಯಾಯವಾದ ಬೇಡಿಕೆಯೆಂದು ಒಪ್ಪಿದರು.

ಕಸ್ತೂರಮ್ಮನನ್ನು ನಯನಾ ಆಟೋದಲ್ಲಿ ಕರೆತಂದಳು. ಬಾಗಿಲಲ್ಲಿ ಮಾಲತೇಶಪ್ಪ ನಿಂತು ಆಧಾರ್ ಕಾರ್ಡು ನೋಡಿ, ಕಿತ್ತಳೆ ಬಣ್ಣದ ತೇಲುಜಾಕೀಟು ತೊಡಿಸಿದರು. ಬೀಳ್ಕೊಡಲು ಬಂದವರು ಗೆರೆಯಿಂದ ಆಚೆ ನಿಲ್ಲಬೇಕೆಂದು ಸುಣ್ಣದಲ್ಲಿ ಗೆರೆ ಎಳೆದಿದ್ದರು. ನಯನಾ ಆಚೆ ನಿಂತು ಕೈ ಬೀಸಿದಳು. ಓಣಿಯ ಹೆಂಗಸರೂ ಬೀಸಿದರು.

"ಆ ಜಾಕೀಟು ಬಿಚ್ಚಿ ಒಗೀರಿ ಅಕ್ಕಾರೆ, ಎಣ್ಣೆ ಹತ್ತತೈತೆ" ಎಂದಳು ಕಾಳವ್ವ ಒಳಗಿಂದ.

ಹಂಡೆಯಲ್ಲಿ ನೀರು ಮರಳುತ್ತಿತ್ತು. ಕಾಳವ್ವ ಬೆಚ್ಚಗಿನ ಎಣ್ಣೆ ಸುರಿದು ಭುಜವನ್ನು ಹಿಡಿದಳು. ಮೆತ್ತಗಿರಲೋ ಜೋರಾಗಿರಲೋ ಎಂದು ಕೇಳುವ ಪದ್ಧತಿ ಅವಳಲ್ಲಿರಲಿಲ್ಲ. ಕಸ್ತೂರಮ್ಮ ಮೊದಲು ಚೀರಿದರು, ಆಮೇಲೆ ಬೈದರು, ಆಮೇಲೆ ಅತ್ತರು. ಬಿಸಿನೀರು ತಲೆಯ ಮೇಲೆ ಬಿದ್ದಾಗ ಗಂಡ ಸತ್ತ ದಿನದಿಂದ ಬಿಗಿ ಹಿಡಿದದ್ದೆಲ್ಲ ಸಡಿಲವಾದಂತೆನಿಸಿ ಜೋರಾಗಿಯೇ ಅತ್ತರು. ಅಳುವುದು ಹೊರಗೆ ಕೇಳಿ, ಪ್ರಯಾಣಿಕರಿಗೆ ಸಮುದ್ರಬೇನೆ ಎಂದು ಮಾಲತೇಶಪ್ಪ ಬರೆದುಕೊಂಡರು.

ಇಂಥ ಹಲವು ಯಾನಗಳಾದವು. ಕೈ ಗಲ್ಲಕ್ಕೆ ಬಂತು, ಕಿವಿಗೆ ಬಂತು. ಕಸ್ತೂರಮ್ಮ ಈ ಪ್ರಗತಿಯನ್ನು ಸಂಘಕ್ಕೆ ತಿಳಿಸಲಿಲ್ಲ. ಭುಜ ಗುಣವಾದದ್ದು ತನಗೆ ಮತ್ತು ಕನ್ನಡಿಗೆ ಮಾತ್ರ ಗೊತ್ತಿದ್ದರೆ ಸಾಕು, ಸಭೆಯಲ್ಲಿ ಕೈ ಎದೆಮಟ್ಟದಲ್ಲೇ ಇರಲಿ ಎಂದು ಹಂಚಿಕೆ ಹಾಕಿದ್ದರು. ವಾರ್ಷಿಕ ಸಭೆಯ ದಿನ ಬೆಳಗ್ಗೆ, ನಯನಾ ಬಾಚಣಿಗೆ ತಂದಾಗ, "ಬ್ಯಾಡ, ತಾ ಇಲ್ಲಿ" ಎಂದು ತಾವೇ ತೆಗೆದುಕೊಂಡರು. ಎರಡೂ ಕೈ ತಲೆಯ ಹಿಂದೆ ಹೋದವು. ತುರುಬು ನಿಂತಿತು. ನಯನಾ ಚಪ್ಪಾಳೆ ತಟ್ಟಿದಳು. ಕಸ್ತೂರಮ್ಮನಿಗೆ ಆ ಬೆಳಗ್ಗೆ ತಿಂಡಿಯೂ ಬೇಕೆನಿಸಲಿಲ್ಲ, ಅಷ್ಟು ಸಂತೋಷ.

ಸಭೆಯಲ್ಲಿ ಆಜೀವ ಅಧ್ಯಕ್ಷರ ವಿಷಯ ಬಂತು. ಎಲ್ಲರ ಕೈಗಳು ಎದ್ದವು. ಕಸ್ತೂರಮ್ಮನದು ಎದೆಮಟ್ಟದಲ್ಲಿ ನಿಂತಿತು. ಮಾಲತೇಶಪ್ಪ ‘ತಟಸ್ಥ’ ಎಂದು ಬರೆಯಲು ಪೆನ್ನು ಒತ್ತಿದರು. ಅಷ್ಟರಲ್ಲಿ ಬಹಳ ವರ್ಷದ ಮೇಲೆ ತಾವೇ ಕಟ್ಟಿದ ತುರುಬು, ಗಂಟಿನ ಅಭ್ಯಾಸ ತಪ್ಪಿತ್ತಲ್ಲ, ನಿಧಾನವಾಗಿ ಜಾರಿತು. ಕಸ್ತೂರಮ್ಮನ ಬಲಗೈ ತಾನೇತಾನಾಗಿ ಮೇಲೆ ಹೋಗಿ ಅದನ್ನು ಹಿಡಿಯಿತು.

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಬಕ್ಕೇಶಪ್ಪ ಕಣ್ಣೊರೆಸಿಕೊಂಡರು.

"ಅಯ್ಯೋ, ನಾ ತುರುಬು ಹಿಡ್ಕಂಡಿದ್ದು ಕಣ್ರಿ!" ಎಂದರು ಕಸ್ತೂರಮ್ಮ.

"ಕೈ ಎತ್ತಿದ್ರೋ ಇಲ್ವೋ ಅಂತ ಬರೆಯಾಕ ಜಾಗ ಐತೆ" ಎಂದರು ಮಾಲತೇಶಪ್ಪ ಗೌರವದಿಂದ. "ಯಾಕ ಎತ್ತಿದ್ರಿ ಅಂತ ಬರೆಯಾಕ ಜಾಗ ಇಲ್ಲ."

ಆಜೀವ ಅಧ್ಯಕ್ಷರು ತಮ್ಮ ಮೊದಲ ಭಾಷಣದಲ್ಲಿ, ಕಾಳವ್ವನ ಬಚ್ಚಲುಮನೆಯನ್ನು ಕಾಯಂ ಹಡಗೆಂದು ಘೋಷಿಸಿದರು. ಅದರ ಪರಿಶೀಲನೆಯನ್ನು ಖುದ್ದು ತಾವೇ ವಾರಕ್ಕೊಮ್ಮೆ ನಡೆಸುವುದಾಗಿಯೂ ಹೇಳಿದರು. ಒಪ್ಪುವವರು ಕೈ ಎತ್ತಬೇಕೆಂದಾಗ ಎಲ್ಲರ ಕೈಗಳೂ ಎದ್ದವು. ಕಸ್ತೂರಮ್ಮನ ಬಲಗೈ ಹೇಗೂ ಮೇಲೆಯೇ ಇತ್ತು. ತುರುಬು ಇನ್ನೂ ಪೂರ್ತಿ ನಿಂತಿರಲಿಲ್ಲ. ಬಿಟ್ಟರೆ ಬಿಚ್ಚಿಹೋಗುತ್ತದೆ. ಅವರು ಬಿಡಲಿಲ್ಲ.