ಚಪ್ಪಲಿ ಬಿಟ್ಟು ಒಳಗ ಬರ್ರಿ

ಮುದುಕಮ್ಮ: ಚಪ್ಲಿ ಬಿಟ್ಟು ಕಣಕ್ಕ ಇಳಿಯಂಗಿಲ್ರಿ ಸಾವ್ಕಾರ್ರಿ.

ಬಸವಲಿಂಗ: ಹಂಗಾರ ಮಧ್ಯಾನದ ಹಾಜರಿ ಇಲ್ಲ.

ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಬಸವಲಿಂಗನ ಅಕ್ಕಿ ಗಿರಣಿ. ಹೈದರಾಬಾದಿನಲ್ಲಿ ‘ಕೆಲಸದಲ್ಲಿ ಅಧ್ಯಾತ್ಮ’ ಎಂಬ ಶಿಬಿರ ಮುಗಿಸಿ ಬಂದವನು, ಗಿರಣಿಯೇ ಗುಡಿ ಎಂದು ಬೆಳಿಗ್ಗೆಯಷ್ಟೇ ಬೋರ್ಡು ಹಾಕಿಸಿ, ಆಳುಗಳೆಲ್ಲ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು ಎಂದಿದ್ದ. ತಾನೂ ಬರಿಗಾಲಲ್ಲಿ ಆಫೀಸಿನಲ್ಲಿ ಕೂತಿದ್ದ. ದೇವದುರ್ಗದಿಂದ ಬಸ್ಸಿನಲ್ಲಿ ಬರುವ ಮುದುಕಮ್ಮನಿಗೆ ಹದಿನೆಂಟು ವರ್ಷದಿಂದ ಕುದಿಸಿದ ನೆಲ್ಲನ್ನು ಸಿಮೆಂಟಿನ ಕಣದಲ್ಲಿ ಹರಡಿ ಒಣಗಿಸುವ ಕೆಲಸ. ಬೆಳಗಿನ ತಂಪಿನಲ್ಲಿ ಅವಳೂ ಚಪ್ಪಲಿ ಬಿಟ್ಟಿದ್ದಳು. ಈಗ ಏಪ್ರಿಲ್ಲಿನ ನಡುಮಧ್ಯಾಹ್ನ.

ಮುದುಕಮ್ಮ: ಗುಡಿ ಅಂದ್ರಿ. ದೇವ್ರು ಯಾವ್ದ್ರಿ?

ಬಸವಲಿಂಗ: ಕೆಲಸಾನ ದೇವ್ರು.

ಮುದುಕಮ್ಮ: ನಿನ್ನಿ ಬಸ್ ಲೇಟಾತಂತ ಅರ್ಧ ಹಾಜರಿ ಕಡದ್ರಿ. ಗುಡಿಗೆ ತಡಾಗಿ ಹೋದ್ರ ದೇವ್ರು ಅರ್ಧಾ ಮಖಾ ತೋರಸ್ತಾನೇನ್ರಿ?

ಬಸವಲಿಂಗ: ಅದು ಶಿಸ್ತುಬೇ!

ಮುದುಕಮ್ಮ: ಹೋಗ್ಲಿ, ಪ್ರಸಾದ ಏನು ಕೊಡ್ತೀರಿ?

ಬಸವಲಿಂಗ: ಶಾಂತಿ ಸಿಗ್ತದ.

ಮುದುಕಮ್ಮ: ಶಾಂತಿ? ಆಕಿ ಕೆಲಸಾ ಬಿಟ್ಟು ವರ್ಷಾತಲ್ರಿ!

ಬಸವಲಿಂಗ ಹಣೆ ಹಿಡಿದುಕೊಂಡ.

ಬಸವಲಿಂಗ: ಮನಸ್ಸಿನ ಶಾಂತಿಬೇ! ನೆಲ್ಲು ಅಂದ್ರ ಲಕ್ಷ್ಮಿ. ಚಪ್ಲಿಲೆ ತುಳೀತೀಯೇನು?

ಮುದುಕಮ್ಮ: ನೆಲ್ಲಿನ ಮ್ಯಾಲ ಯಾವತ್ತರ ಚಪ್ಲಿ ಇಟ್ಟೀನೇನ್ರಿ? ಸುತ್ತ ಬರೇ ಸಿಮಿಟ್ ಅದಲ್ರಿ, ಅದು ಕಾದು ಹಂಚಾಗ್ಯದ.

ಬಸವಲಿಂಗ: ಸುಡೂದು ಮನಸ್ಸು, ಕಾಲಲ್ಲ. ನೋಡು, ನಾನs ನಡದು ತೋರಸ್ತೀನಿ.

ಮೊದಲ ನಾಲ್ಕು ಹೆಜ್ಜೆ ಕಣ್ಣು ಮುಚ್ಚಿ, ಗಂಭೀರವಾಗಿ ಇಟ್ಟ. ಐದನೆಯದಕ್ಕೆ ಕಣ್ಣು ಬಿಟ್ಟ. ಆರಕ್ಕೆ ಕುಣಿದ. ಕಣದ ನಡುವೆ ಬಿದ್ದಿದ್ದ ಖಾಲಿ ಗೋಣಿಚೀಲದ ಮೇಲೆ ಹಾರಿ, ಒಂಟಿಗಾಲಲ್ಲಿ ನಿಂತ.

ಬಸವಲಿಂಗ: ಯವ್ವಾ! ಶಿವನೇ! ಸತ್ತೆನೋ ಶಿವನೇ!

ಮುದುಕಮ್ಮ ಚಪ್ಪಲಿ ಮೆಟ್ಟಿಕೊಂಡು ಸರಸರ ನಡೆದಳು. ತನ್ನ ಬಾಟಲಿಯ ನೀರನ್ನು ಅವನ ಅಂಗಾಲಿಗೆ ಸುರಿದು, ಸೆರಗಿನಿಂದ ಒರೆಸಿದಳು. ಅವಳ ಪಾದದ ಬಿರುಕುಗಳು ಬಸವಲಿಂಗನ ಕಣ್ಣಿಗೆ ಬಿದ್ದವು.

ಬಸವಲಿಂಗ: ತಪ್ಪಾತು ಯವ್ವಾ. ಎಲ್ಲಾರೂ ಚಪ್ಲಿ ಹಾಕ್ಕೊಳ್ರಿ. ಬೋರ್ಡೂ ತಗಸ್ತೀನಿ.

ಮುದುಕಮ್ಮ: ಬೋರ್ಡ್ ಇರ್ಲಿ ಬಿಡ್ರಿ. ಇಷ್ಟು ವರ್ಷದಾಗ ನೀವು ಹೊಟ್ಟಿಯಿಂದ ಶಿವನ್ನ ಕರದಿದ್ದು ಇವತ್ತs ನೋಡ್ರಿ!