ನನ್ನೊಬ್ಬನನ್ನೇ ಕಚ್ಚಿದ ನಾಯಿಯವರಿಗೆ

ಮಾನ್ಯ ನಾಯಿಯವರೇ,

ಬಸ್ ನಿಲ್ದಾಣದ ಕಟ್ಟೆಯ ಕೆಳಗೆ ತಾವು ಸಕುಟುಂಬ ಕ್ಷೇಮವಾಗಿದ್ದೀರೆಂದು ನಂಬಿ, ಹೋದ ತಿಂಗಳು ತಾವು ಬಲಗಾಲಿನ ಮೀನಖಂಡ ಹಿಡಿದು ಪರಿಚಯ ಮಾಡಿಕೊಂಡ ದರ್ಜಿಯಾದ ನಾನು ಈ ಅಹವಾಲನ್ನು ತಮ್ಮ ಪಾದಗಳಲ್ಲಿ, ನಾಲ್ಕರಲ್ಲೂ, ಅರ್ಪಿಸುತ್ತಿದ್ದೇನೆ.

ತಾವು ಕಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಹಲ್ಲಿನ ಗುರುತುಗಳು ಒಂದೇ ಅಂತರದಲ್ಲಿ ಮೂಡಿದ್ದವು. ಇಪ್ಪತ್ತು ವರ್ಷ ಗುಂಡಿ ಹೊಲಿದ ನನ್ನ ಕೈಗೂ ಅಷ್ಟು ನೇರ ಬರುವುದಿಲ್ಲ. ತಕರಾರು ಇಷ್ಟೇ: ತಾವು ನನ್ನೊಬ್ಬನನ್ನೇ ಕಚ್ಚಿದಿರಿ.

ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ ಗಾಯವನ್ನು ಕಾಲು ಗಂಟೆ ಸೋಪು ಹಾಕಿ ತೊಳೆದರು. ಅಲ್ಲಿದ್ದ ಔಷಧಿ ಅದೊಂದೇ. ಆ ಸೋಪೂ ಅವರ ಮನೆಯದು. "ಇಂಜೆಕ್ಷನ್ ಇಲ್ಲಿಲ್ಲಣ್ಣ. ಹುಚ್ಚುನಾಯಿ ರೋಗ ಬಂತು ಅಂದ್ರೆ ಆಮೇಲೆ ಯಾರ ಕೈಲೂ ಏನೂ ಆಗಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ" ಎಂದರು. ತಮ್ಮ ಬಗ್ಗೆ ಬಳಸಿದ ಪದಕ್ಕೆ ಕ್ಷಮೆಯಿರಲಿ.

ನಾನೂ ಹೆಂಡತಿಯೂ ಐವತ್ತು ಕಿಲೋಮೀಟರು ಬಸ್ಸಿನಲ್ಲಿ ನಿಂತೇ ಹೋದೆವು. ಅಲ್ಲಿ ಮದ್ದಿತ್ತು, ಸೂಜಿಯಿತ್ತು, ಕಂಪೌಂಡರ್ ಇದ್ದರು, ಕರೆಂಟೂ ಇತ್ತು. ಇಷ್ಟೆಲ್ಲ ಒಟ್ಟಿಗೆ ಕೂಡಿಬಂದದ್ದು ಕಂಡು ನನಗೇ ದಿಗಿಲಾಯಿತು. ಅಷ್ಟರಲ್ಲಿ ಕಂಪೌಂಡರ್ ನನ್ನ ಹಿಂದೆ ಇಣುಕಿ, "ಇನ್ನು ಮೂವರೆಲ್ಲಿ?" ಎಂದರು. ಒಂದು ಬಾಟಲಿ ನಾಲ್ವರಿಗಂತೆ. ಒಬ್ಬನಿಗಾಗಿ ತೆರೆದರೆ ಮಿಕ್ಕಿದ್ದು ವ್ಯರ್ಥ, ವ್ಯರ್ಥವಾದರೆ ಮೇಲಿನವರಿಗೆ ವಿವರಣೆ ಬರೆಯಬೇಕು.

"ಮೂವರನ್ನ ನಾನೇ ಕಚ್ಚಿ ಕರ್ಕೊಂಡು ಬರ್ಲಾ ಸ್ವಾಮಿ?" ಎಂದಳು ಹೆಂಡತಿ.

"ನಾಯಿನೇ ಆಗ್ಬೇಕಮ್ಮ, ಫಾರಮ್ಮಲ್ಲಿ ಹಾಗಿದೆ" ಎಂದರು ಅವರು, ಬಹಳ ಮರ್ಯಾದೆಯಿಂದ.

ಎರಡು ದಿನ ಬೆಂಚಿನ ಮೇಲೆ ಕೂತು ಬಾಗಿಲು ಕಾದೆವು. ಯಾರಾದರೂ ಕುಂಟುತ್ತ ಬಂದರೆ ನಾನು ಆಸೆಯಿಂದ ಎದ್ದು ನಿಲ್ಲುತ್ತಿದ್ದೆ. ಒಬ್ಬರಿಗೆ ಚೇಳು, ಇನ್ನೊಬ್ಬರಿಗೆ ಮುಳ್ಳು. ಆ ರೋಗ ಬಂದವರಿಗೆ ನೀರಿಳಿಯುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಹೆಂಡತಿ ಗಂಟೆಗೊಮ್ಮೆ ನೀರು ಕುಡಿಸಿ ನನ್ನ ಗಂಟಲನ್ನೇ ದಿಟ್ಟಿಸುತ್ತಿದ್ದಳು. ನನ್ನೊಡನೆ ಜಗಳವಾಡುವುದನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದಳು. ನಿಜವಾಗಿ ಭಯವಾದದ್ದು ಆಗ.

ಮೂರನೆಯ ದಿನ, ಪಕ್ಕದ ಊರಿಗೆ ನಾಯಿಗಳ ಲೆಕ್ಕ ತೆಗೆಯಲು ಬಂದಿದ್ದ ಮೂವರು ನೌಕರರನ್ನು ತಮ್ಮ ಬಂಧುವೊಬ್ಬರು ಕಚ್ಚಿ, ಒಂದೇ ಜೀಪಿನಲ್ಲಿ ಕಳಿಸಿಕೊಟ್ಟರು. ಹೆಂಡತಿ ಆ ಮೂವರ ಕೈ ಹಿಡಿದು ಅತ್ತೇಬಿಟ್ಟಳು. ಬಾಟಲಿ ತೆರೆಯಿತು. ಮುಂದಿನ ಸೂಜಿಗಳಿಗೂ ನಾಲ್ವರು ಒಟ್ಟಿಗೇ ಹೋಗಬೇಕಾಯಿತು. ಆ ಮೂವರು ನೌಕರರಲ್ಲಿ ಸೂಜಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಿದ್ದ ದಪ್ಪಮೀಸೆಯವರೊಬ್ಬರನ್ನು, "ಕಾಲು ನಿಮ್ದಿರಬಹುದು ಅಣ್ಣ, ಬಾಟ್ಲಿ ನಾಲ್ಕು ಜನದ್ದು" ಎಂದು ಅವಳೇ ಎಳೆದು ತಂದಳು. ಕೊನೆಯ ಸೂಜಿ ನಿನ್ನೆ ಮುಗಿಯಿತು. ಸಂಜೆ ನೂಲು ಕಡಿಮೆ ತಂದಿದ್ದಕ್ಕೆ ಹೆಂಡತಿ ನನ್ನನ್ನು ಚೆನ್ನಾಗಿ ಬೈದಳು. ಕೇಳಿ ಕಿವಿ ತಂಪಾಯಿತು.

ಆದ್ದರಿಂದ ತಾವು ಇನ್ನು ಮುಂದೆ ನಾಲ್ವರಂತೆ, ಇಲ್ಲವೇ ಎಂಟು ಜನರಂತೆ ಮಾತ್ರ ಕಚ್ಚಬೇಕೆಂದೂ, ಐದನೆಯವನು ಎದುರಾದಲ್ಲಿ ಮತ್ತೆ ಮೂವರು ಕೂಡುವವರೆಗೆ ದಯವಿಟ್ಟು ಹಸಿವು ತಡೆದುಕೊಳ್ಳಬೇಕೆಂದೂ, ಆದಷ್ಟು ಮಟ್ಟಿಗೆ ಒಂದೇ ಬಸ್ಸಿನ ಪ್ರಯಾಣಿಕರನ್ನು ಆರಿಸಿಕೊಳ್ಳಬೇಕೆಂದೂ, ಭಾನುವಾರ ರಜೆಯಲ್ಲಿರಬೇಕೆಂದೂ ಬೇಡುತ್ತೇನೆ.

ಎರಡೂ ಕಾಲಿನಿಂದ ತಮ್ಮ ವಿಶ್ವಾಸಿ,
ದರ್ಜಿ

ಮರೆತಿದ್ದು: ನಾಲ್ವರ ನಿಯಮ ಬರೆದ ಅಧಿಕಾರಿಗಳು ಬರುವ ಗುರುವಾರ ಹನ್ನೊಂದು ಗಂಟೆಗೆ ನಮ್ಮೂರಿಗೆ ತಪಾಸಣೆಗೆ ದಯಮಾಡಿಸುತ್ತಿದ್ದಾರೆ. ಅವರ ಪ್ಯಾಂಟು ಹೊಲಿದವನು ನಾನೇ, ಬಟ್ಟೆ ಬಹಳ ತೆಳು. ಒಬ್ಬರೇ ಬರುತ್ತಾರಂತೆ.